ಬಚ್ಚಲ ಹಿಂದಿನ ಮಣ್ಣು

ಮೊದಲು ಕಂಡದ್ದು ಹಸಿರು. ಸೌದೆ ಒಡೆಯುವಾಗ ಕೊಡಲಿ ತಾಗಿದ ಬಲಪಾದಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿದರೆ, ಕೀವು ಹಸಿರಾಗಿತ್ತು. ಇಂಗಳೇಶ್ವರದ ಶಾಲೆಯಲ್ಲಿ ಮಕ್ಕಳಿಗೆ ಸ್ವಚ್ಛತೆಯ ಪಾಠ ಹೇಳುವ ಟೀಚರ್ ನಾನು. ನನ್ನ ಕಾಲೇ ನಾರುತ್ತಿತ್ತು. ಅವ್ವ ದಿನವೂ ಬಿಸಿನೀರಲ್ಲಿ ಗಾಯ ತೊಳೆದು, ಆ ನೀರನ್ನು ಬಚ್ಚಲ ಹಿಂದೆ ಚೆಲ್ಲುತ್ತಿದ್ದಳು. ಜ್ವರ ಏರಿದ ಮೇಲೆ ಬಾಗೇವಾಡಿಯ ಆಸ್ಪತ್ರೆಗೆ ಸೇರಿಸಿದರು.

ಇಂಜೆಕ್ಷನ್ ಬದಲಾದವು. ಕೀವು ಬದಲಾಗಲಿಲ್ಲ.

"ಸೋಮವಾರದ ತನಕಾ ನೋಡೂಣ್ರಿ," ಅಂದರು ಡಾಕ್ಟರ್. "ಆಮ್ಯಾಲ ಮೊಣಕಾಲ ಕೆಳಗ ತಗೀಬೇಕಾಗ್ತೈತಿ."

ಹಲ್ಲು ತೆಗೆಯುವ ಹಾಗೆ ಹೇಳಿಬಿಟ್ಟರು.

ತಂಗಿ ಶಾರದಾ ಮುದ್ದೇಬಿಹಾಳದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಬ್ಯಾಕ್ಟೀರಿಯಾವನ್ನೇ ಕೊಲ್ಲುವ ವೈರಸ್ ಇದೆ, ಅದಕ್ಕೆ ಬ್ಯಾಕ್ಟೀರಿಯೋಫೇಜ್ ಅನ್ನುತ್ತಾರೆ, ಮಣ್ಣಿನಿಂದ ಅದನ್ನು ಬೇರ್ಪಡಿಸಲು ಬರುತ್ತದೆ ಎಂದಳು. ಡಾಕ್ಟರ್ ನಗಲಿಲ್ಲ, ಸಿಕ್ಕರೆ ತೋರಿಸಲು ಹೇಳಿದರು. ಅವಳು ನನ್ನ ಕೀವನ್ನು ಸೀಸೆಯಲ್ಲಿ ಒಯ್ದಳು. ಬಚ್ಚಲ ಹಿಂದಿನ ಹಸಿ ಮಣ್ಣು ಕಳಿಸು ಎಂದು ಅವ್ವನಿಗೆ ಹೇಳಿಹೋದಳು. ಆ ಮಣ್ಣನ್ನು ಕೀವಿನ ಬ್ಯಾಕ್ಟೀರಿಯಾದ ಜೊತೆ ನೆನೆಹಾಕಿ, ಸೋಸಿ, ಆ ನೀರನ್ನು ಅದೇ ಬ್ಯಾಕ್ಟೀರಿಯಾ ಬೆಳೆಸಿದ ಗಾಜಿನ ತಟ್ಟೆಗೆ ಹಾಕುವುದು. ಫೇಜ್ ಇದ್ದರೆ ಬ್ಯಾಕ್ಟೀರಿಯಾದ ಬಿಳಿ ಪೊರೆಯಲ್ಲಿ ತೂತು ಬೀಳಬೇಕು.

ಗುರುವಾರ ಬಂದವಳ ಮುಖ ನೋಡಿಯೇ ತಿಳಿಯಿತು. ತಟ್ಟೆಯ ತುಂಬ ಹಾಲಿನ ಕೆನೆಯಂಥ ಪೊರೆ. ಅದು ನನ್ನ ರೋಗ.

ಒಂದು ತೂತೂ ಇಲ್ಲ.

"ಅವ್ವಾ, ಯಾವ ಮಣ್ಣ ಕಳಿಸಿದಿ?" ಶಾರದಾ ಕೇಳಿದಳು.

"ಮಠದ ಅಂಗಳದ್ದು. ಜರಡಿ ಹಿಡದು, ಬಿಸಲಾಗ ಒಣಗಿಸಿ ಕಳಿಸೇನಿ. ಔಷಧಕ್ಕ ಬಚ್ಚಲ ಹೊಲಸು ಹೆಂಗ ಕೊಡ್ಲಿ?"

ನನಗೆ ಮೈಯೆಲ್ಲ ಉರಿದುಹೋಯಿತು. ಮಗಳ ಕಾಲು ಹೋದರೂ ಇವಳ ಮಡಿ ಹೋಗಬಾರದು! ಬಾಯಿಗೆ ಬಂದದ್ದೆಲ್ಲ ಬೈದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು.

"ಅಕ್ಕನ ಗಾಯದ ನೀರು ಅಲ್ಲೇ ಚೆಲ್ಲಿದಿಯಲ್ಲ," ಶಾರದಾ ಮೆಲ್ಲಗೆ ಅವ್ವನಿಗೆ ತಿಳಿಸಿದಳು. "ಆ ರೋಗ ತಿನ್ನೂದೂ ಅಲ್ಲೇ ಸಿಗಬಹುದು."

ಅವ್ವ ಎದ್ದಳು. ಮುಂದಿನ ಬಸ್ಸಿಗೆ ಊರಿಗೆ ಹೋಗಿ, ಬರಿಗೈಯಿಂದ ಮಣ್ಣು ಬಗೆದು, ದೇವರ ನೈವೇದ್ಯ ಒಯ್ಯುವ ಹಿತ್ತಾಳೆ ಡಬ್ಬಿಯಲ್ಲಿ ತುಂಬಿ ತಂದಳು. ಉಗುರಲ್ಲಿ ಕೆಸರು ಹಾಗೇ ಇತ್ತು. ಶಾರದಾ ಡಬ್ಬಿ ಹಿಡಿದು ಮುದ್ದೇಬಿಹಾಳಕ್ಕೆ ಓಡಿದಳು.

ಸೋಮವಾರ ಡಾಕ್ಟರ್ ಬಂದರು. ಶಾರದಾ ಬಂದಿರಲಿಲ್ಲ. ಆಪರೇಷನ್ ಕಾಗದಕ್ಕೆ ಸಹಿ ಮಾಡಲು ಪೆನ್ನು ಕೊಟ್ಟರು. ನನಗೆ ಹೆಸರಿನ ಮೊದಲ ಅಕ್ಷರವೂ ಬರೆಯಲಾಗಲಿಲ್ಲ.

"ಬಸ್ ಬರ್ಲಿ ತಡೀರಿ ಸಾಹೇಬ್ರ," ಅವ್ವ ಅವರ ಮುಂದೆ ಅಡ್ಡ ನಿಂತಳು.

ಬಸ್ಸು ಬಂತು. ಶಾರದಾ ಟವೆಲಿನಲ್ಲಿ ಸುತ್ತಿ ತಂದ ತಟ್ಟೆಯನ್ನು ಡಾಕ್ಟರ್ ಬಿಚ್ಚಿ ಕಿಟಕಿಗೆ ಹಿಡಿದರು. ಬಿಳಿ ಪೊರೆಯ ತುಂಬ ಸಾಸಿವೆಯಷ್ಟು ಚಿಕ್ಕ ತೂತುಗಳು. ಅವುಗಳಿಂದ ಬೆಳಕು ಬರುತ್ತಿತ್ತು.

"ಇದು ಗಾಜಿನ ಮ್ಯಾಲ. ಕಾಲಿನ ಮ್ಯಾಲ ಗ್ಯಾರಂಟಿ ಇಲ್ರಿ," ಅಂದರು ಅವರು.

ಆದರೆ ಪೆನ್ನು ತಿರುಗಿ ಅವರ ಜೇಬಿಗೆ ಹೋಯಿತು.

ಆ ಮಣ್ಣಿನಿಂದ ಶಾರದಾ ಸೋಸಿ ತಂದ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಗಾಯಕ್ಕೆ ಕಟ್ಟಿದರು. ಇಂಜೆಕ್ಷನ್ ನಡೆದೇ ಇತ್ತು. ನಾತ ಹೋಯಿತು, ಆಮೇಲೆ ಜ್ವರ ಇಳಿಯಿತು. ಎರಡು ಬೆರಳು ಹೋದವು, ಕಾಲು ಉಳಿಯಿತು. ಯಾವುದರಿಂದ ಉಳಿಯಿತೆಂದು ಡಾಕ್ಟರ್ ಆಣೆ ಮಾಡಿ ಹೇಳಲಾರರು. ನಾನೂ ಕೇಳಿಲ್ಲ.

ನಿನ್ನೆ ಕೋಲು ಹಿಡಿದು ಹಿತ್ತಲಿಗೆ ಹೋದೆ. ಅವ್ವ ಬಗೆದ ಗುಂಡಿ ಹಾಗೇ ಇದೆ. ಅವಳು ನನ್ನನ್ನು ಕಲ್ಲಿನ ಮೇಲೆ ಕೂರಿಸಿ, ಬೋಗುಣಿಯಲ್ಲಿ ಕಾಲಿಡಿಸಿ, ಉಳಿದ ಬೆರಳುಗಳನ್ನು ಒಂದೊಂದಾಗಿ ತೊಳೆದಳು. ಅಂದು ಬೈದದ್ದು ನೆನಪಾಗಿ ನನಗೆ ಅಳು ಬಂತು. ಅವ್ವ ನೋಡಿಯೂ ನೋಡದಂತೆ ಬೋಗುಣಿಯ ನೀರನ್ನು ಒಯ್ದು ಆ ಗುಂಡಿಗೇ ಸುರಿದಳು.

"ಈ ಮಣ್ಣ ಮತ್ತ ಬೇಕಾಗಬಾರ್ದು," ಅಂದಳು. "ಬೇಕಾದ್ರ ಇರ್ಲಿ."