ಸೇಬಿನ ಉಸಿರು

ಆಂಟಿಯ ಬಲಗೈ ಹೆಬ್ಬೆರಳಿನ ಉಗುರಿನಡಿ ಮೇ ತಿಂಗಳು ಪೂರ್ತಿ ಒಂದು ಕಪ್ಪು ಗೆರೆ ಇರುತ್ತಿತ್ತು. ಉಳಿದ ಒಂಬತ್ತು ಉಗುರುಗಳು ತೊಳೆದಿಟ್ಟ ಅಕ್ಕಿಯಂತೆ ಬೆಳ್ಳಗೆ. ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವರು. ಮಣ್ಣಿನ ಕೆಲಸ ಮುಗಿದ ಮೇಲೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಎರಡೂ ಕೈ ಮೇಲೆತ್ತಿ ನೀರು ಸೋರಲು ಬಿಡುತ್ತಿದ್ದರು. ಆ ಗೆರೆ ಮಾತ್ರ ಹೋಗುತ್ತಿರಲಿಲ್ಲ. ಕುಂಡದ ಆಳ ಅಳೆಯುವ ಅಳತೆಗೋಲು ಆ ಹೆಬ್ಬೆರಳೇ. “ಎರಡು ಹೆಬ್ಬಟ್ಟು ಕೆಳಗ, ಮೂಗು ಮ್ಯಾಲ,” ಎನ್ನುತ್ತ ಒಂದೊಂದೇ ಹೂವಿನ ಗೆಡ್ಡೆಯನ್ನು ಇಳಿಸುತ್ತಿದ್ದರು.

ಆಕ್ಲೆಂಡಿನ ಮೌಂಟ್ ಆಲ್ಬರ್ಟಿನಲ್ಲಿ ಒಂದೇ ಡ್ರೈವ್‌ವೇಯ ಮುಂದಿನ ಮನೆ ನಮ್ಮದು, ಹಿಂದಿನ ಯೂನಿಟ್ ಅವರದು. ಅವರ ಪಾಲಿಗೆ ಅಂಗೈಯಗಲ ನೆಲವೂ ಇರಲಿಲ್ಲ, ಬರೀ ಕಾಂಕ್ರೀಟು. ಹಾಗಾಗಿ ಹೂವೆಲ್ಲ ಕುಂಡಗಳಲ್ಲಿ. ಯಾರೋ ಎಸೆದ ಲಾಂಡ್ರಿ ತೊಟ್ಟಿ, ನಮ್ಮವರಿಂದ ತಳಕ್ಕೆ ತೂತು ಕೊರೆಸಿಕೊಂಡ ಪೇಂಟ್ ಬಕೆಟ್ಟುಗಳು, ಧಾರವಾಡದಿಂದ ಜೊತೆಗೆ ಬಂದು ಮುಚ್ಚಳ ಕಳೆದುಕೊಂಡ ಕುಕ್ಕರು. ಕುಕ್ಕರಿನಲ್ಲಿ ಡ್ಯಾಫೊಡಿಲ್, ಉಳಿದ ಹನ್ನೊಂದರಲ್ಲಿ ಟ್ಯೂಲಿಪ್.

ಟ್ಯೂಲಿಪ್ ಗೆಡ್ಡೆಗೆ ಚಳಿ ಬೇಕು. ಆಕ್ಲೆಂಡಿನ ಚಳಿ ಅದಕ್ಕೆ ಸಾಲದು, ಅದಕ್ಕೇ ನೆಡುವ ಮೊದಲು ಆರೆಂಟು ವಾರ ಫ್ರಿಜ್ಜಿನಲ್ಲಿ ಇಡಬೇಕು. ಡ್ಯಾಫೊಡಿಲ್ಲಿಗೆ ಆ ಗೊಡವೆಯಿಲ್ಲ. ಆಂಟಿಯ ಫ್ರಿಜ್ಜು ಸಣ್ಣದು. ನಮ್ಮ ಗ್ಯಾರೇಜಿನಲ್ಲಿ, ಇಲ್ಲಿನ ಕನ್ನಡದವರ ಮನೆಗಳಲ್ಲೆಲ್ಲ ಇರುವಂತೆ, ದೋಸೆ ಹಿಟ್ಟಿಗೆ ಮತ್ತು ಪೂಜೆಯ ಸಾಮಾನಿಗೆಂದು ಎರಡನೆಯ ಫ್ರಿಜ್ಜಿತ್ತು. ಮಾರ್ಚ್ ಬಂತೆಂದರೆ ಕಂದು ಕಾಗದದ ಚೀಲಗಳ ಮೇಲೆ ಬಣ್ಣ, ತಾರೀಖು, ಗಂಟೆ ಎಲ್ಲ ಬರೆದು, ರೋಗಿಯನ್ನು ವಾರ್ಡಿಗೆ ಒಪ್ಪಿಸುವಂತೆ ನನಗೆ ಒಪ್ಪಿಸುತ್ತಿದ್ದರು.

“ಇದು ಉಳ್ಳಾಗಡ್ಡಿ ಅಲ್ಲವಾ, ನಿನ್ನ ದೇವರು ಸಿಟ್ಟಾಗೂದಿಲ್ಲ. ಆದ್ರ ಇದರ ಜೋಡಿ ಹಣ್ಣು ಇಡಬ್ಯಾಡ. ಅದರಾಗೂ ಸೇಬು.”

“ಸೇಬಿಗೂ ಇದಕ್ಕೂ ಏನು ಮೈಲಿಗೆ ಆಂಟಿ?”

“ಸೇಬು ಉಸಿರು ಬಿಡ್ತೈತಿ. ಆ ಉಸಿರಿಗೆ ಒಳಗಿನ ಹೂ ಸಾಯ್ತೈತಿ.”

ನಾನು ನಕ್ಕೆ. ಅವರು ಚಾಕು ತರಿಸಿ ಒಂದು ಗೆಡ್ಡೆಯನ್ನು ನಡುವೆ ಸೀಳಿ ತೋರಿಸಿದರು. ಬಿಳಿ ಪದರಗಳ ಮಧ್ಯೆ ಜೀರಿಗೆಯಷ್ಟು ಹಸಿರು ಮೊಳಕೆ. “ಇದರಾಗ ಹೂ ಕೂತೈತಿ. ನಾವು ಮಾಡೂದು ಏನೂ ಇಲ್ಲ. ಕೆಡಸಬಾರದು, ಅಷ್ಟ.”

ಎರಡು ವರ್ಷ ನಾನು ಕೆಡಿಸಲಿಲ್ಲ. ಮೂರನೆಯ ವರ್ಷದ ರಾಮನವಮಿ ನಮ್ಮ ಮನೆಯಲ್ಲಿ. ನಲವತ್ತು ಜನ. ತೋಟಕ್ಕೆ ಹೋಗಿದ್ದ ಸ್ನೇಹಿತರೊಬ್ಬರು ಎರಡು ಟ್ರೇ ಸೇಬು ತಂದುಕೊಟ್ಟರು. ಪಾನಕ, ಕೋಸಂಬರಿ, ಮಜ್ಜಿಗೆಯಿಂದ ಫ್ರಿಜ್ಜಿನ ಮೇಲಿನ ಖಾನೆಗಳೆಲ್ಲ ತುಂಬಿದ್ದವು. ಸೇಬನ್ನು ಕೆಳಗಿನ ಖಾನೆಯಲ್ಲಿ, ಆ ಕಂದು ಚೀಲಗಳ ಮೇಲೇ ಸುರಿದೆ. ಅವರ ಮಾತು ನೆನಪಾಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಾಯಿತು. ಎರಡು ದಿನ ತಾನೇ ಎಂದುಕೊಂಡೆ. ಮೂರು ವಾರವಾಯಿತು.

ಮೇ ತಿಂಗಳಲ್ಲಿ ಗೆಡ್ಡೆ ಒಯ್ಯಲು ಬರುತ್ತೇನೆಂದು ಫೋನ್ ಮಾಡಿದರು. ಉಳಿದಿದ್ದ ಸೇಬನ್ನೆಲ್ಲ ಸೆರಗಿಗೆ ತುಂಬಿಕೊಂಡು ಅಡುಗೆಮನೆಗೆ ಓಡಿದೆ. ಆಂಟಿ ಬಂದು ಚೀಲ ಮೂಸಿದರು.

“ಹಣ್ಣಿನ ವಾಸನಿ ಬರ್ತೈತೇನವಾ?”

“ಜ್ಯಾಮ್ ಬಾಟಲಿದು ಇರಬೇಕು ಆಂಟಿ.”

“ಹೌದೇನು,” ಎಂದು ನಂಬಿ ಹೋದರು.

ಜೂನ್‌ನಲ್ಲಿ ಇಲ್ಲಿನ ಚಳಿಗಾಲ ಶುರುವಾದಾಗ ಅವರು ಒಲೆಯ ಮೇಲಿಟ್ಟ ಪಾತ್ರೆ ಮರೆತರು. ಹೊಗೆಯ ಅಲಾರಾಂ ಕೂಗಿ, ನಮ್ಮವರು ಹೋಗಿ ಒಲೆ ಆರಿಸಿದರು. ಅದಕ್ಕೂ ಮುಂಚೆ ಒಮ್ಮೆ ಬೀಗದ ಕೈ ಮರೆತು ಹೊರಗೆ ನಿಂತಿದ್ದರು. ಊರಿನ ದೊಡ್ಡ ಸೇತುವೆಯಾಚೆ ಇದ್ದ ಅವರ ಮಗಳು ಬಂದು, ರೆಸ್ಟ್ ಹೋಮಿಗೆ, ಅಂದರೆ ವೃದ್ಧಾಶ್ರಮಕ್ಕೆ, ಹೋಗೋಣ ಎಂದಳು. ಇಲ್ಲಿಯೇ ಹುಟ್ಟಿದ ಹುಡುಗಿ, ಮಾತೆಲ್ಲ ಇಂಗ್ಲಿಷಿನಲ್ಲೇ. ತಾಯಿ ಧಾರವಾಡದ ಕನ್ನಡದಲ್ಲೇ ಉತ್ತರ ಕೊಟ್ಟರು: “ಮರಿಯೂದು ಬ್ಯಾರೆ, ಕೆಲಸ ತಪ್ಪೂದು ಬ್ಯಾರೆ. ಸೆಪ್ಟೆಂಬರ್‌ನ್ಯಾಗ ಬಾ. ನನ್ನ ಹೂ ನೋಡು. ಅವು ನೆಟ್ಟಗ ಬಂದ್ರ ನಾ ಇಲ್ಲೇ ಇರಾಕಿ. ಇಲ್ಲಂದ್ರ ನೀ ಕರದಲ್ಲಿ ಬರ್ತೀನಿ.” ಮಗಳು ಒಪ್ಪಿದಳು.

ಆ ಮಾತು ನಡೆದಾಗ ನಾನು ಅಲ್ಲೇ ಕೂತು ಅವರಿತ್ತ ಚಹಾ ಕುಡಿಯುತ್ತಿದ್ದೆ. ಹೇಳಲು ನನಗೆ ಇಡೀ ಚಳಿಗಾಲವಿತ್ತು. ಬಟ್ಟೆ ಒಣಹಾಕುವಾಗ ದಿನಾ ಆ ಕುಂಡಗಳು ಕಾಣುತ್ತಿದ್ದವು. ಎಲೆ ಚೆನ್ನಾಗಿಯೇ ಬಂದವು. ಸೇಬಿನ ಮಾತೆಲ್ಲ ಹಳೇ ಕಾಲದ ನಂಬಿಕೆ ಇದ್ದೀತು ಎಂದು ಸಮಾಧಾನ ಮಾಡಿಕೊಂಡೆ.

ಸೆಪ್ಟೆಂಬರಿನಲ್ಲಿ ಕುಕ್ಕರಿನ ಡ್ಯಾಫೊಡಿಲ್ ಹಳದಿಯಾಗಿ ಅರಳಿತು. ಹನ್ನೊಂದು ಕುಂಡಗಳಲ್ಲಿ ಎಲೆಗಳ ನಡುವೆ ಮೊಗ್ಗು ಇಣುಕಿ, ಒಣಗಿದ ಈರುಳ್ಳಿ ಸಿಪ್ಪೆಯಂತೆ ಮುದುಡಿ ನಿಂತಿತು. ಒಂದೂ ಅರಳಲಿಲ್ಲ.

ಮಗಳು ಬಗ್ಗಿ ನೋಡಿದಳು. ಅವಳ ದನಿಯಲ್ಲಿ ಗೆಲುವಿರಲಿಲ್ಲ, ಮೆತ್ತಗೇ ಕೇಳಿದಳು: ಅಮ್ಮಾ, ಫ್ರಿಜ್ಜು ಬೇಕಾದವು ಮಾತ್ರ ಬಂದಿಲ್ಲ. ಈ ವರ್ಷ ಫ್ರಿಜ್ಜಿನಲ್ಲಿ ಇಟ್ಟಿದ್ದೆಯಾ?

“ಇಟ್ಟಿದ್ದೆ,” ಎಂದರು ಆಂಟಿ. ಆಮೇಲೆ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ನನ್ನ ಕಡೆ ತಿರುಗಿದರು. “ಇಟ್ಟಿದ್ನಲ್ಲವಾ ನಿನ್ನ ಹತ್ರ? ಈ ವರ್ಷ ಹೌದೋ, ಹೋದ ವರ್ಷದ್ದು ಹೇಳಾಕತ್ತೀನೋ?”

“ಇಟ್ಟಿದ್ರಿ ಅನ್ಸತ್ತೆ ಆಂಟಿ,” ಎಂದೆ.

ಅನ್ಸತ್ತೆ. ದಿನಾ ಫ್ರಿಜ್ಜಿನ ಬಾಗಿಲು ತೆಗೆದು ಆ ಚೀಲಗಳನ್ನು ನೋಡಿದವಳು ಅಂದ ಮಾತು ಅದು. ತಾಯಿಯೂ ಮಗಳೂ ಇಬ್ಬರೂ ಅದನ್ನು ನನ್ನ ಕರುಣೆ ಎಂದು ತಿಳಿದರು. ಆಂಟಿ ನನ್ನ ಭುಜ ತಟ್ಟಿ, “ಇರಲಿ ಬಿಡವಾ. ಮರ್ತಿರಬೇಕು ನಾನು,” ಎಂದರು. ಅಕ್ಟೋಬರಿನಲ್ಲಿ ರೆಸ್ಟ್ ಹೋಮಿಗೆ ಹೊರಟರು. ಕುಂಡಗಳು ನಮ್ಮ ಮನೆಗೆ ಬಂದವು.

ಮೊದಲ ಗುರುವಾರ ನೋಡಲು ಹೋದಾಗಲೇ ಎಲ್ಲ ಹೇಳಿಬಿಟ್ಟೆ. ಆಂಟಿ ನನ್ನ ಕಡೆ ಬಾಗಿದರು.

“ಹಂಗಾದ್ರ ನಾ ಮರ್ತಿದ್ದಿಲ್ಲ?”

“ಇಲ್ಲ ಆಂಟಿ.”

“ಎಷ್ಟು ಸೇಬು?”

“ಎರಡು ಟ್ರೇ.”

“ಎರಡು ಟ್ರೇ,” ಎಂದು ಕುರ್ಚಿಯ ಕೈ ಬಡಿದು ನಕ್ಕರು. “ಹೊಟ್ಟಿ ತುಂಬ ತಿಂದ್ರ್ಯೋ ಇಲ್ಲೋ? ನನ್ನ ಮಗಳಿಗೆ ಹೇಳವಾ. ನಾ ಹೇಳಿದ್ರ ಆಕಿ ನಂಬೂದಿಲ್ಲ. ನೀ ಹೇಳು.”

ಹೇಳುತ್ತೇನೆ ಎಂದೆ.

ಮುಂದಿನ ಗುರುವಾರ ಹೋದಾಗ, “ಗಡ್ಡಿ ಫ್ರಿಜ್‌ನ್ಯಾಗ ಇಡೂದು ಮರ್ತೆ ನೋಡವಾ, ಅದಕ್ಕ ಇಲ್ಲಿಗೆ ಬಂದೆ,” ಎಂದರು. ಮತ್ತೆ ಮೊದಲಿನಿಂದ ಹೇಳಿದೆ. ಅದರ ಮುಂದಿನ ವಾರವೂ. ಪ್ರತಿ ಸಲ ಅದೇ ಪ್ರಶ್ನೆ: “ಹಂಗಾದ್ರ ನಾ ಮರ್ತಿದ್ದಿಲ್ಲ?” ಒಮ್ಮೆ ಅತ್ತರು. ಒಮ್ಮೆ ಕಿಟಕಿಯ ಕಡೆ ಮುಖ ಮಾಡಿ ಕೂತರು, ನಾನು ಎದ್ದು ಬರುವವರೆಗೂ ತಿರುಗಲಿಲ್ಲ. ಏಳು ದಿನ ಕಳೆದು ಹೋದರೆ ಆ ಸಿಟ್ಟೂ ಅಳಿಸಿಹೋಗಿ, ನನಗೆಂದು ಕರವಸ್ತ್ರದಲ್ಲಿ ಕಟ್ಟಿಟ್ಟ ಬಿಸ್ಕತ್ತು ಕೊಟ್ಟರು. ನನಗೆ ಹಾಯೆನಿಸಿತು. ಅದನ್ನು ಬರೆಯುವಾಗ ಮುಖ ಬಿಸಿಯಾಗುತ್ತಿದೆ.

ಮಗಳಿಗೆ ಹೇಳಲಿಲ್ಲ. ಅವಳು ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ, ನಾನು ವಾರವಾರ ಬರುವುದಕ್ಕೆ “ಥ್ಯಾಂಕ್ ಯೂ ಆಂಟಿ,” ಎನ್ನುತ್ತಿದ್ದಳು. ಆ ಥ್ಯಾಂಕ್ಸನ್ನು ಇಟ್ಟುಕೊಂಡೆ.

ಮರುವರ್ಷ ಜುಲೈಯಲ್ಲಿ ಆಂಟಿ ತೀರಿಕೊಂಡರು. ಚರ್ಚಿನಲ್ಲಿ ಮಗಳು ತಾಯಿಯ ಬಗ್ಗೆ ಮಾತಾಡುತ್ತ, ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸಿದ ಗೆಡ್ಡೆಗಳನ್ನೇ ಅಮ್ಮ ಕೊನೆಯ ವರ್ಷ ಮರೆತರು, ಅವರ ನೆನಪು ಹೋಗುತ್ತಿದೆಯೆಂದು ಆಗಲೇ ನನಗೆ ಗೊತ್ತಾಯಿತು ಎಂದಳು. ಜನ ಮೆಲ್ಲಗೆ ನಕ್ಕು ಕಣ್ಣೊರೆಸಿಕೊಂಡರು. ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ಮರೆಯುವವರ ಮುಂದೆ ನಾನು ಎಷ್ಟೋ ಗುರುವಾರ ತಪ್ಪೊಪ್ಪಿಕೊಂಡಿದ್ದೆ. ನೆನಪಿಟ್ಟುಕೊಳ್ಳುವವಳ ಮುಂದೆ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ.

ಹೂ ಸತ್ತಿದ್ದರೂ ಗೆಡ್ಡೆ ಸತ್ತಿರಲಿಲ್ಲ. ಹೋದ ಸೆಪ್ಟೆಂಬರಿನಲ್ಲಿ ನಮ್ಮ ಅಂಗಳದಲ್ಲಿ ಏಳು ಕೆಂಪು ಹೂ ಬಂದವು. ಈಗ ಗೆಡ್ಡೆಗಳು ಮತ್ತೆ ಗ್ಯಾರೇಜಿನ ಫ್ರಿಜ್ಜಿನಲ್ಲಿವೆ. ಚೀಲಗಳ ಮೇಲೆ ತಾರೀಖು, ಗಂಟೆ ಬರೆದಿದ್ದೇನೆ. ಮೊನ್ನೆ ಮಗಳು ಫೋನ್ ಮಾಡಿ, ಅಮ್ಮನ ಗೆಡ್ಡೆಯಲ್ಲಿ ಒಂದಷ್ಟು ತನಗೂ ಬೇಕು, ನೆಡುವುದನ್ನು ಹೇಳಿಕೊಡಿ ಎಂದಳು. ಶನಿವಾರ ಬರುತ್ತಾಳೆ.

ಇದನ್ನು ಕನ್ನಡದಲ್ಲಿ ಬರೆದು ಮುಗಿಸುತ್ತಿರುವಾಗ ಹೊಳೆಯಿತು, ಅವಳಿಗೆ ಕನ್ನಡ ಓದಲು ಬಾರದು. ಇಲ್ಲಿಯೂ ನಾನು ಬಚ್ಚಿಟ್ಟುಕೊಳ್ಳುವ ಜಾಗವನ್ನೇ ಹುಡುಕಿಕೊಂಡಿದ್ದೇನೆ. ಆದರೆ ಓದಿ ಹೇಳಿದರೆ ಅವಳಿಗೆ ತಿಳಿಯುತ್ತದೆ. ತಾಯಿಯ ಕನ್ನಡ ಕೇಳಿ ಬೆಳೆದವಳು. ಶನಿವಾರ ಚೀಲ ಅವಳ ಕೈಗಿಡುವ ಮೊದಲು ಇಷ್ಟನ್ನೂ ಓದಬೇಕು. ಪೂರ್ತಿ ಓದಲಾಗದಿದ್ದರೆ ಒಂದು ಮಾತನ್ನಾದರೂ ಹೇಳಬೇಕು: ನಿಮ್ಮಮ್ಮ ಇಟ್ಟಿದ್ರು ಕಣಮ್ಮ. ಇಟ್ಟಿದ್ರು.