ಒಂದು ಲೆಕ್ಕ, ಒಂದು ಬೊಗಸೆ ಶೇಂಗಾ

ಮೊನ್ನೆ ಸೊರಬದಲ್ಲಿರುವ ಅಕ್ಕನ ಮನೆಗೆ ಹೋದಾಗ ಜಗುಲಿಯ ತುಂಬ ಹಸಿ ಶೇಂಗಾದ ಮಣ್ಣುವಾಸನೆ. ಶಿಕಾರಿಪುರದ ನಮ್ಮ ಹಳೆಯ ಪಡಸಾಲೆ ನೆನಪಾಯಿತು.

ಚಿಕ್ಕವಳಿದ್ದಾಗ ಅಕ್ಕನಿಗೆ ಪುಸ್ತಕದ ಮುಂದೆ ಎರಡು ನಿಮಿಷ ಕೂರಲು ಆಗುತ್ತಿರಲಿಲ್ಲ. ಅಮ್ಮ ಬೈಯುತ್ತಿರಲಿಲ್ಲ. "ಒಂದು ಲೆಕ್ಕ ಮಾಡು, ಒಂದು ಬೊಗಸೆ ಶೇಂಗಾ ಸುಲಿ, ಬಾವಿ ತನಕ ಓಡಿ ಬಾ. ಆಮೇಲೆ ಇನ್ನೊಂದು ಲೆಕ್ಕ" ಎನ್ನುತ್ತಿದ್ದಳು. ಸಿಪ್ಪೆಯ ರಾಶಿ ಬೆಳೆದಂತೆ ಲೆಕ್ಕಗಳೂ ಮುಗಿಯುತ್ತಿದ್ದವು.

ಒಂದು ಸಂಜೆ ಅಪ್ಪ ಅದನ್ನು ನೋಡಿದರು. "ಓದೋದಂದ್ರೆ ಕುಂಟೆಬಿಲ್ಲೆ ಆಟ ಏನೇ? ಕೂತಲ್ಲಿ ಕೂರೋದು ಕಲೀಲಿ" ಎಂದು ಅಮ್ಮನನ್ನು ಗದರಿ, ಹೆಗಲ ಟವೆಲಿನಿಂದ ಅಕ್ಕನ ಕಾಲನ್ನು ಕಂಬಕ್ಕೆ ಕಟ್ಟಿದರು. ಅಂದಿನಿಂದ ದಿನಾ ಅದೇ. ಅಕ್ಕ ಗಂಟನ್ನೇ ನೋಡುತ್ತ ಕೂರುತ್ತಿದ್ದಳು, ಲೆಕ್ಕ ಒಂದೂ ಮುಗಿಯುತ್ತಿರಲಿಲ್ಲ. ಆ ವರ್ಷ ನಪಾಸಾದಳು. "ಇವಳ ತಲೆಗೆ ಹತ್ತಲ್ಲ" ಎಂದು ಅಪ್ಪ ಶಾಲೆ ಬಿಡಿಸಿದರು, ಮೇಷ್ಟರೂ ಹೌದೆಂದರು. ಕಲಿಯುತ್ತಿದ್ದ ಹುಡುಗಿಯನ್ನು ಕಟ್ಟಿಹಾಕಿ, ಕಲಿಯಲಿಲ್ಲವೆಂದು ತೀರ್ಪು ಕೊಟ್ಟವರ ಮೇಲಿನ ಸಿಟ್ಟು ನನಗಿನ್ನೂ ಆರಿಲ್ಲ.

ಮೊನ್ನೆ ಅಕ್ಕನ ಮೊಮ್ಮಗಳು ಒಂದು ಲೆಕ್ಕ ಮುಗಿಸಿ ಅಂಗಳಕ್ಕೆ ಹಾರಿದಳು. ನಾನು ಕರೆಯಲು ಎದ್ದೆ.

"ಬಿಡೋ, ಬರ್ತಾಳೆ" ಎಂದಳು ಅಕ್ಕ, ಶೇಂಗಾ ಸುಲಿಯುತ್ತ. "ನಾನೂ ವಾಪಸ್ ಬರ್ತಿದ್ದೆ ಅಲ್ವೇನೋ?"