ಆಯಿ ಕೊಟ್ಟ ಮೂಲಂಗಿ

ಆಕೆಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಸೀಳಿನಲ್ಲಿ ಕೂತ ಮಣ್ಣು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಆ ಉಗುರು ಮುಳುಗುವಷ್ಟೇ ಮಣ್ಣಿಗೆ ಒತ್ತಿ, ಎರಡೆರಡು ಮೂಲಂಗಿ ಬೀಜ ಹಾಕಿ ಮುಚ್ಚುತ್ತಿದ್ದಳು. ಹುಡಗಿ ಎಂಬ ಊರಿನ ನಮ್ಮ ಮನೆಯ ಹಿತ್ತಲಿಗೆ ಕೆಲಸಕ್ಕೆ ಬರುತ್ತಿದ್ದ ಆಕೆಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಹುಮನಾಬಾದಿನ ಶಾಲೆಯಲ್ಲಿ ಕಲಿಸುವ ನಾನು ಆಕೆಗೆ ಅಕ್ಕೋರು.

ಮದುವೆಯಾಗಿ ಬಂದ ವರ್ಷ ಎಲ್ಲಕ್ಕಿಂತ ದಪ್ಪನೆಯ ಮೂಲಂಗಿ ಕಿತ್ತು ಅಡುಗೆಮನೆಗೆ ಹೊರಟಿದ್ದೆ. ಆಯಿ ಅಡ್ಡ ನಿಂತಳು. "ಏ ಅಕ್ಕೋರ, ಹುಚ್ಚ ಹಿಡೀತೇನ್ರಿ? ಇದನ್ನೂ ತಿಂದ್ರ ಮುಂದಿನ ವರ್ಷ ಏನ್ ಬಿತ್ತಾವ್ರು?"

ಕುಡುಗೋಲಿನಿಂದ ಕೆಳಗಿನ ಅರ್ಧ ಕೊಯ್ದು ನನಗೆ ಕೊಟ್ಟಳು. ಎಲೆ ಸವರಿ, ಮೇಲಿನ ತುಂಡನ್ನು ಮತ್ತೆ ನೆಟ್ಟಳು. ಅದು ಚಿಗುರಿ, ಹೂ ಬಿಟ್ಟು, ಕಾಯಿ ಕಟ್ಟಿತು. ಬೀಜದಲ್ಲಿ ಅರ್ಧ ನಮಗೆ, ಅರ್ಧ ಆಕೆಗೆ. ಪ್ರತಿ ವರ್ಷವೂ ಹಾಗೇ.

ಒಂದೇ ಬೀಜ, ಒಂದೇ ಕೈ. ನಮ್ಮ ಹಿತ್ತಲಲ್ಲಿ ಆಯಿ ಬೆಳೆದದ್ದನ್ನು ಅತ್ತೆ ಜೋಳದ ರೊಟ್ಟಿಯ ಜೊತೆ ಕರಕರ ಕಡಿದು ತಿನ್ನುವರು. ಆಯಿ ತನ್ನ ಮನೆಯ ಹಿಂದೆ ಬೆಳೆದು ಪ್ರೀತಿಯಿಂದ ಕಟ್ಟು ತಂದರೆ ಅದು ಮೈಲಿಗೆ, ಯಾಕೆಂದರೆ ಆಕೆ ದಲಿತ ಬೌದ್ಧರ ಓಣಿಯವಳು.

"ಒಳಗ ತರಬ್ಯಾಡ. ಎಮ್ಮಿಗೆ ಹಾಕು," ಎನ್ನುವರು ಅತ್ತೆ.

ನಾನು ಹಾಕುತ್ತಿದ್ದೆ. ಬೆಳಿಗ್ಗೆ ಮಕ್ಕಳಿಗೆ ಎಲ್ಲರೂ ಸಮಾನರೆಂದು ಪಾಠ ಹೇಳಿ, ಸಂಜೆ ಬಂದು ಹಾಕುತ್ತಿದ್ದೆ.

ಮರುದಿನ ಆಯಿ ತಪ್ಪದೆ ಕೇಳುವಳು. "ಹ್ಯಾಂಗ ಇದ್ವುರಿ ಅಕ್ಕೋರ?"

"ಭಾಳ ಛಲೋ ಇದ್ವು ಆಯಿ."

ಮನೆಯಲ್ಲಿ ಜಗಳ ಯಾಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಅತ್ತೆ ತೀರಿಕೊಂಡ ಮೇಲೂ ನನ್ನ ಕೈ ಎಮ್ಮೆಯ ಕಡೆಗೇ ಹೋಯಿತು. ಅದಕ್ಕೆ ಯಾವ ನೆಪ ಹೇಳಲಿ? ನನ್ನ ಬಾಳಿಗಿಷ್ಟು ಬೆಂಕಿ ಹಾಕ!

ಕಳೆದ ಚಳಿಗಾಲದಲ್ಲಿ ಆಯಿ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಮೊದಲ ಬಾರಿ ಆಕೆಯ ಮನೆಗೆ ಹೋದೆ. ಮಗಳ ಮುಂದೆ ಅಳುತ್ತ, "ನಿಮ್ಮವ್ವನ ಮೂಲಂಗಿ ರುಚಿ ಇನ್ನೆಲ್ಲಿ ಬರಬೇಕು," ಎಂದೆ. ಹೆಣ ಎತ್ತಿದ ಮನೆಯಲ್ಲಿ ನಿಂತೂ ಸುಳ್ಳು ಹೇಳಿದೆ.

ಮಗಳು ನನ್ನ ಮುಖವನ್ನೇ ನೋಡಿದಳು. "ಅವ್ವಗ ಗೊತ್ತಿತ್ರಿ ಅಕ್ಕೋರ. ಎಮ್ಮಿ ಮುಂದ ಬಿದ್ದದ್ದು ಮೊದಲನೇ ವರ್ಷನ ನೋಡಿ ಬಂದಿದ್ಳು."

"ಮತ್ತ ಯಾಕ ಕೊಡ್ತಿದ್ಳು?"

"ನಾನೂ ಅದನ್ನ ಕೇಳ್ತಿದ್ದೆರಿ. ಸಾಲಿ ಕಲಿಸೋ ಅಕ್ಕೋರ ಅದಾರ, ಒಂದಿಲ್ಲೊಂದು ದಿನ ಖರೇ ಹೇಳ್ತಾರ ತಡಿ, ಅಂತಿದ್ಳು."

ಆಗಲಾದರೂ ತಪ್ಪಾಯಿತು ಎನ್ನಬೇಕಿತ್ತು. ಶಾಲೆಗೆ ಹೊತ್ತಾಯಿತು ಎಂದು ಹೇಳಿ ಎದ್ದು ಬಂದೆ. ಅಂದು ಭಾನುವಾರವಾಗಿತ್ತು.